ಗಾರ್ಡ್ ನಿಲ್ತಾನೇ ಇಲ್ಲ, ಗರಡಿಯಿಂದ ಬಂದವನಿಗೆ ಯಾರಾದ್ರೂ ಹೇಳಿಕೊಡಿ

ಕೆಮ್ಮಣ್ಣು_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನಗೆ 34, ತೂಕ 66 ಕೆಜಿ. ಪೀಣ್ಯದಲ್ಲಿ ಸಿಎನ್‌ಸಿ ಮಷೀನ್ ನಡೆಸ್ತೀನಿ. ಊರು ದಾವಣಗೆರೆ, ಹದಿನಾರರಿಂದ ಇಪ್ಪತ್ತೆರಡರ ತನಕ ಗರಡಿಮನೆಯಲ್ಲಿ ಸಾಮು ಮಾಡಿದವನು. ಈಗ ಹತ್ತು ತಿಂಗಳಿಂದ ಬ್ರೆಜಿಲಿಯನ್ ಜಿಯು-ಜಿತ್ಸು, ಹೆಚ್ಚಾಗಿ ನೆಲದ ಮೇಲೆ ಹಿಡಿದು ಆಡೋ ಆಟ. ವೈಟ್ ಬೆಲ್ಟ್, ಅಂದ್ರೆ ಮೊದಲ ಮೆಟ್ಟಿಲು, ಎರಡು ಸ್ಟ್ರೈಪ್.

ನಿಂತು ಆಡುವಾಗ ತೊಂದರೆ ಇಲ್ಲ, ಸುಮಾರು ಜನರನ್ನ ಕೆಡವ್ತೀನಿ. ಆದರೆ ನಾನು ಕೆಳಗೆ ಬಿದ್ದರೆ ಗಾರ್ಡ್ (ಬೆನ್ನ ಮೇಲಿದ್ದು ಕಾಲಿಂದ ಎದುರಿನವನನ್ನ ತಡೆಯೋದು) ನಿಲ್ಲಲ್ಲ, ಕಥೆ ಮುಗೀತು. ಎರಡೂ ಮೊಣಕಾಲ ಹತ್ತಿರ ಪ್ಯಾಂಟ್ ಹಿಡಿದು ಕಾಲನ್ನ ಒಂದು ಕಡೆ ಎಸೀತಾರೆ, ಸರ್ರನೆ ಪಕ್ಕಕ್ಕೆ ಬಂದು ಎದೆ ಮೇಲೆ ಬೀಳ್ತಾರೆ. ಇಲ್ಲಾಂದ್ರೆ ನೀ ಕಟ್, ತಮ್ಮ ಮೊಣಕಾಲನ್ನ ನನ್ನ ತೊಡೆ ಮೇಲೆ ಅಡ್ಡ ತೂರಿಸಿ ದಾಟ್ತಾರೆ. ನಾನು ಕಾಲಲ್ಲಿ ಜೋರಾಗಿ ತಳ್ತೀನಿ, ಎರಡು ನಿಮಿಷಕ್ಕೆ ತೊಡೆ ಉರಿಯೋಕೆ ಶುರು. ಕೊನೆಗೆ ಬೋರಲು ತಿರುಗ್ತೀನಿ. ಬೇಕು ಅಂತ ಅಲ್ಲ, ಮೈ ತಾನಾಗೇ ತಿರುಗುತ್ತೆ. ಬೆನ್ನು ಸಿಕ್ಕಿದ ಮೇಲೆ ಕೇಳಬೇಕಾ, ಕುತ್ತಿಗೆಗೆ ಕೈ. ಶನಿವಾರ ಅಭ್ಯಾಸದಲ್ಲಿ ಐದು ನಿಮಿಷದ ಒಂದೇ ರೋಲ್‌ನಲ್ಲಿ ನಾಲ್ಕು ಸಲ ಟ್ಯಾಪ್ ಮಾಡಿದೆ (ಸೋತೆ ಅಂತ ತಟ್ಟಿದೆ), ನಾಲ್ಕೂ ಹಿಂದಿನಿಂದ.

ಯೂಟ್ಯೂಬ್ ನೋಡಿದ್ರೆ ಒಬ್ಬೊಬ್ಬರು ನಲವತ್ತು ಪಟ್ಟು ತೋರಿಸ್ತಾರೆ. ನನಗೆ ಪಟ್ಟು ಬೇಡ. ಉಸಿರು ಕಟ್ಟಿದಾಗಲೂ ನೆನಪಾಗುವಂಥ ಎರಡು ಮಾತು ಸಾಕು.

ಮೂಲೆ_ಮ್ಯಾಟ್

ತಮ್ಮ ಅಂತಲೇ ಕರೀತೀನಿ, ನನಗೆ 43. ಮೈಸೂರು, 52 ಕೆಜಿ, ಪರ್ಪಲ್ ಬೆಲ್ಟ್. ನಮ್ಮ ಜಿಮ್‌ನಲ್ಲಿ ನನಗಿಂತ ಹಗುರ ಇರೋರು ಮಕ್ಕಳ ಬ್ಯಾಚಿನವರು ಮಾತ್ರ. ಹಾಗಾಗಿ ಎಂಟು ವರ್ಷದಲ್ಲಿ ನಾನು ಚೆನ್ನಾಗಿ ಕಲಿತದ್ದು ಅಂದ್ರೆ ಇದೊಂದೇ, ಗಾರ್ಡ್ ಉಳಿಸಿಕೊಳ್ಳೋದು.

ಮೊದಲು ನಿನ್ನ ಬೋರಲು ತಿರುಗೋ ವಿಷಯ. ಅದು ಹೆದರಿಕೆ ಅಲ್ಲ, ನಿನ್ನ ವಸ್ತಾದರು ಕಲಿಸಿದ ಪಾಠ. ಕುಸ್ತಿಯಲ್ಲಿ ಎರಡೂ ಭುಜ ಮಣ್ಣಿಗೆ ತಾಗಿದರೆ ಚಿತ್, ಆಟ ಮುಗೀತು. ಆರು ವರ್ಷ ಅದನ್ನೇ ಮಾಡಿದ ಮೈ ಬೆನ್ನು ನೆಲಕ್ಕೆ ತಾಗಿದ ತಕ್ಷಣ ತಿರುಗದೇ ಇರುತ್ತಾ? ಆದರೆ ಈ ಆಟದ ಬೇರು ಜೂಡೋ. 1914ರಲ್ಲಿ ಬ್ರೆಜಿಲ್‌ಗೆ ಹೋಗಿ ಇದಕ್ಕೆ ಬೀಜ ಹಾಕಿದ ಮಿತ್ಸುಯೋ ಮಯೇದ ಜೂಡೋದವನು. ಜೂಡೋದಲ್ಲಿ ಕೆಳಗಿದ್ದವನ ಕಾಲು ಮೇಲಿದ್ದವನ ಕಾಲನ್ನ ಸುತ್ತಿಕೊಂಡಿದ್ದರೆ ಅದನ್ನ ಅದುಮಿ ಹಿಡಿದದ್ದು ಅಂತ ಎಣಿಸೋದೇ ಇಲ್ಲ. ಗಾರ್ಡ್ ಅನ್ನೋ ಯೋಚನೆಗೂ ಆ ಸಂದಿಗೂ ನಂಟಿದೆ. ಐಬಿಜೆಜೆಎಫ್ (ಈ ಆಟದ ಅಂತರರಾಷ್ಟ್ರೀಯ ಒಕ್ಕೂಟ) ಲೆಕ್ಕದಲ್ಲಿ ನಿನ್ನ ಕಾಲು ದಾಟಿ ಮೂರು ಸೆಕೆಂಡ್ ಹಿಡಿದು ನಿಂತರೆ ಅವನಿಗೆ 3 ಪಾಯಿಂಟ್. ಬೆನ್ನು ಕೊಟ್ಟು ಅವನು ಎರಡೂ ಹುಕ್ (ಹಿಂದಿನಿಂದ ತನ್ನ ಪಾದಗಳನ್ನ ನಿನ್ನ ತೊಡೆಯೊಳಗೆ ಸಿಕ್ಕಿಸೋದು) ಹಾಕಿದರೆ 4. ಅಂದ್ರೆ ಮೂರು ಉಳಿಸೋಕೆ ಹೋಗಿ ನಾಲ್ಕು ಕೊಟ್ಟು, ಮೇಲೆ ಕುತ್ತಿಗೆಯನ್ನೂ ಕೊಡ್ತಾ ಇದ್ದೀಯ.

ಈಗ ಕೇಳು. ನಾನು ಗಾರ್ಡನ್ನ ನಮ್ಮಜ್ಜಿ ಮನೆ ಥರ ಯೋಚಿಸ್ತೀನಿ. ಪಾದ ಹೊರಗಿನ ಗೇಟು. ಮೊಣಕಾಲು ಜಗಲಿ. ಕೈ ಹೊಸ್ತಿಲು. ತಲೆ, ಕುತ್ತಿಗೆ ದೇವರಮನೆ. ಗೇಟು ದಾಟಿ ಬಂದವನ ಹಿಂದೆ ಗೇಟನ್ನೇ ಹಿಡ್ಕೊಂಡು ನಿಲ್ಲಬಾರದು, ಜಗಲಿಗೆ ಓಡಬೇಕು. ನೀನು ತೊಡೆ ಉರಿಯುತ್ತೆ ಅಂದೆಯಲ್ಲ, ಕಾರಣ ಇದೇ. ಪಾದ ಅವನ ಸೊಂಟದಿಂದ ಜಾರಿ ಆಗಿದೆ, ನೀನಿನ್ನೂ ಅದೇ ಕಾಲು ಚಾಚಿ ತಳ್ತಾ ಇದ್ದೀಯ. ಚಾಚಿದ ಕಾಲನ್ನ ಎಸೆಯೋದು ಸುಲಭ. ಮಡಚಿ ಎದೆಗೆ ತಂದ ಮೊಣಕಾಲನ್ನ ಎಸೆದು ನೋಡಲಿ, ಗೊತ್ತಾಗುತ್ತೆ.

ಆದ್ದರಿಂದ ಒಂದನೇ ಮಾತು, ಮೊಣಕಾಲಿಗೂ ಮೊಣಕೈಗೂ ನಡುವೆ ಅವನ ತಲೆ, ಭುಜ ನುಸುಳೋಷ್ಟು ಜಾಗ ಬಿಡಬೇಡ. ಸಂಶಯ ಬಂದಾಗೆಲ್ಲ ಮುದುರಿಕೋ. ಅಲ್ಲಿಂದ ಮತ್ತೆ ಒಂದೊಂದಾಗಿ ಹೊರಗೆ ಹೋಗು, ಮೊದಲು ಕೈಯಿಂದ ಫ್ರೇಮ್ (ಅವನನ್ನ ದೂರ ಇಡೋ ಅಡ್ಡಕಂಬ), ಆಮೇಲೆ ಮೊಣಕಾಲು, ಆಮೇಲೆ ಪಾದ ಅವನ ಸೊಂಟಕ್ಕೆ.

ಎರಡನೇದು, ಅವನಿಗೆ ಎದುರಾಗೇ ಇರು. ಅವನು ಟೊರೆಯಾಂಡೊ (ನೀನು ಹೇಳಿದ, ಪ್ಯಾಂಟ್ ಹಿಡಿದು ಕಾಲು ಎಸೆಯೋ ಪಟ್ಟು) ಹಾಕಿ ಸುತ್ತ ಓಡ್ತಾನೆ, ನೀನು ಬೀಸುಕಲ್ಲಿನ ಗೂಟ ಇದ್ದ ಹಾಗೆ. ಅವನು ನಾಲ್ಕು ಹೆಜ್ಜೆ ಹಾಕಬೇಕು, ನೀನು ಸೊಂಟ ಒಂದು ಗೇಣು ತಿರುಗಿಸಿದರೆ ಸಾಕು. ಆದರೆ ಪೂರ್ತಿ ಬೆನ್ನು ಚಪ್ಪಟೆಯಾಗಿ ಮಲಗಿದರೆ ಸೊಂಟ ತಿರುಗಲ್ಲ, ಒಂದು ಪಕ್ಕೆ ಮೇಲಿರು. ಕಾಲು ಎಡಕ್ಕೆ ಎಸೆದು ಅವನು ನಿನ್ನ ಬಲಕ್ಕೆ ಬಂದನಾ? ಬಲಗೈ ಅವನ ಭುಜಕ್ಕೆ, ಶ್ರಿಂಪ್ ಮಾಡಿ (ಪಕ್ಕೆ ಮೇಲೆ ಸೀಗಡಿ ಥರ ಮುದುರಿ ಸರಿದು) ಸೊಂಟ ಹಿಂದಕ್ಕೆ, ಬಲಮೊಣಕಾಲು ನಡುವೆ ತೂರಿಸು. ಅವನ ಕಡೆಗೇ ತಿರುಗು ತಮ್ಮ, ಅವನಿಂದಾಚೆಗಲ್ಲ. ನಿನ್ನ ಗರಡಿ ಮೈ ಇದನ್ನ ಒಪ್ಪೋಕೆ ಮೂರು ತಿಂಗಳು ಬೇಕು.

ನೀ ಕಟ್‌ನಲ್ಲಿ ಎಲ್ಲರೂ ಅವನ ಮೊಣಕಾಲನ್ನೇ ನೋಡ್ತಾ ಕೂರ್ತಾರೆ. ಮೊಣಕಾಲು ಜಾರಿದರೆ ಜಾರಲಿ. ನಿನ್ನ ಕಂಕುಳ ಕೆಳಗೆ ಅವನ ಕೈ, ತಲೆ ಕೆಳಗೆ ಇನ್ನೊಂದು ಕೈ, ಇವೆರಡೂ ಸೇರಿದರೆ ಮಾತ್ರ ನೀನು ಚಪ್ಪಟೆ. ಅವನಿಗಿಂತ ಮುಂಚೆ ನಿನ್ನ ಕೈ ಅವನ ಕಂಕುಳ ಕೆಳಗೆ ಹೋಗಲಿ, ಅಂಡರ್‌ಹುಕ್ ನಿನ್ನದಾಗಲಿ. ಆಗ ಸಿಕ್ಕೋದು ಹಾಫ್ ಗಾರ್ಡ್ (ಅವನ ಒಂದು ಕಾಲು ನಿನ್ನ ಎರಡು ಕಾಲಿನ ನಡುವೆ), ಅದೂ ಗಾರ್ಡೇ.

ಇನ್ನೊಂದು, ಇದು ಕೇಳೋಕೆ ಸಪ್ಪೆ. ಅವನು ನಿನ್ನ ಪ್ಯಾಂಟ್ ಹಿಡಿದ ಕ್ಷಣದಲ್ಲೇ ಗ್ರಿಪ್ ಬಿಡಿಸು. ಹಿಡಿದ ಮೇಲೆ ಏನು ಮಾಡ್ತಾನೋ ನೋಡೋಣ ಅಂತ ಕಾಯೋದು ನಮ್ಮ ಸೋಮಾರಿತನ. ನನ್ನ ಜೊತೆ ಆಡೋ ಒಬ್ಬರು ಪೊಲೀಸ್ ಕಾನ್ಸ್‌ಟೇಬಲ್ ಇದ್ದಾರೆ, 90 ಕೆಜಿ. ಮೊದಲ ವರ್ಷ ಅವರ ಕೆಳಗೆ ಎಷ್ಟು ಒದ್ದಾಡಿದ್ದೀನಿ ಅಂದ್ರೆ ಪಕ್ಕೆಲುಬು ನೋವಿಗೆ ರಾತ್ರಿ ಮಗ್ಗಲು ಬದಲಿಸೋಕೆ ಆಗ್ತಿರಲಿಲ್ಲ. ಈಗಲೂ ಅವರ ಎರಡೂ ಕೈ ನನ್ನ ಮೊಣಕಾಲ ಮೇಲೆ ಕೂತರೆ ನನ್ನ ಕಥೆ ಅರ್ಧ ಮುಗಿದ ಹಾಗೇ. ಕೂರೋಕೆ ಬಿಡಲ್ಲ, ಅಷ್ಟೇ ವ್ಯತ್ಯಾಸ.

ಅಭ್ಯಾಸಕ್ಕೆ: ಎರಡೂ ಕೈ ನಿನ್ನ ಬೆಲ್ಟಿನೊಳಗೆ ಸಿಕ್ಕಿಸಿಕೋ. ಜೊತೆಗಾರ ಬರೀ ಪಾಸ್ ಮಾಡಲಿ, ಎರಡು ನಿಮಿಷ. ದಾಟಿದನಾ, ಮತ್ತೆ ಮೊದಲಿನಿಂದ. ಕಾಲೂ ಸೊಂಟವೂ ಯೋಚಿಸೋಕೆ ಕಲಿಯೋದು ಕೈ ಇಲ್ಲದಾಗಲೇ. ನಾನು ಮನೆಯಲ್ಲಿ ಗೋಡೆಗೆ ಪಾದ ಕೊಟ್ಟು ಮಲಗಿ ಕಾಲು ಒಳಗೆ ಹೊರಗೆ ಸುತ್ತಿಸ್ತಾ ಇದ್ದೆ. ಸುಣ್ಣದ ಮೇಲೆ ಇನ್ನೂ ಕಲೆ ಇದೆ, ಅತ್ತೆ ಇವತ್ತಿಗೂ ಬೈತಾರೆ.

ಹಳೇ_ಮಂಡಿ

ಅಕ್ಕ ಹೇಳಿದ್ದು ಸರಿ, ಒಂದೇ ಮಾತು ಸೇರಿಸ್ತೀನಿ. ನನಗೆ 51, ಬ್ಲೂ ಬೆಲ್ಟ್. ಯೂಟ್ಯೂಬ್‌ನಲ್ಲಿ ಗಾರ್ಡ್ ಉಳಿಸೋಕೆ ತಲೆಕೆಳಗಾಗಿ ಉರುಳೋದು ತೋರಿಸ್ತಾರೆ. ಅಂದವಾಗಿರುತ್ತೆ. ಭುಜದ ಮೇಲೆ ಉರುಳೋದನ್ನ ಬಿಟ್ಟು ಕುತ್ತಿಗೆ ಮೇಲೆ ಭಾರ ಹಾಕಿ, ಮೇಲಿಂದ ಅವನೂ ಅದುಮಿದ್ದಕ್ಕೆ ನಾನು ಆರು ವಾರ ಬೈಕ್‌ನಲ್ಲಿ ಹಿಂದೆ ತಿರುಗಿ ನೋಡೋಕೆ ಆಗದೆ ಓಡಾಡಿದೆ. ಶ್ರಿಂಪ್ ಸಾಕು.

ಮತ್ತೆ, 2019ರ ಎಡಿಸಿಸಿ ಅನ್ನೋ ದೊಡ್ಡ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ 77 ಕೆಜಿ ವಿಭಾಗದ ಲಾಕ್ಲನ್ ಗೈಲ್ಸ್ ಓಪನ್ (ತೂಕದ ಮಿತಿ ಇಲ್ಲದ) ವಿಭಾಗದಲ್ಲಿ ದೊಡ್ಡ ದೊಡ್ಡವರನ್ನ ಮಣಿಸಿ ಕಂಚು ತಗೊಂಡದ್ದನ್ನ ಯಾರಾದ್ರೂ ತೋರಿಸ್ತಾರೆ. ನೋಡಿ, ಖುಷಿಪಡಿ. ಆದರೆ ಅದು ಹೀಲ್ ಹುಕ್ (ಹಿಮ್ಮಡಿ ಹಿಡಿದು ಮಂಡಿ ತಿರುಚೋದು) ಆಟ, ಐಬಿಜೆಜೆಎಫ್ ನಿಯಮದಲ್ಲಿ ವೈಟ್ ಬೆಲ್ಟಿಗೆ ಅದು ಇಲ್ಲ. ನಿಮ್ಮ ಜೊತೆಗಾರನ ಮಂಡಿಗೂ ಒಂದು ಸಂಸಾರ ಇರುತ್ತೆ.

ಕೆಮ್ಮಣ್ಣು_ದಾವಣಗೆರೆ

ಅಕ್ಕ, ಅಣ್ಣ, ಇಬ್ಬರಿಗೂ ಥ್ಯಾಂಕ್ಸ್. ಎರಡು ವಾರ ಬಿಟ್ಟು ಬರೀತಿದ್ದೀನಿ. ಬೆಲ್ಟಿನೊಳಗೆ ಕೈ ಇಟ್ಟ ಮೊದಲ ದಿನ ಎರಡು ನಿಮಿಷಕ್ಕೆ ಹನ್ನೊಂದು ಸಲ ದಾಟಿದ. ನಿನ್ನೆ ಏಳು. ಬೋರಲು ತಿರುಗೋದು ಪೂರ್ತಿ ನಿಂತಿಲ್ಲ, ಆದರೆ ತಿರುಗ್ತಾ ಇದ್ದೀನಿ ಅಂತ ಈಗ ಗೊತ್ತಾಗುತ್ತೆ, ಮೊದಲು ಅದೂ ಗೊತ್ತಾಗ್ತಿರಲಿಲ್ಲ. ಒಂದು ಸಲ ಭುಜಕ್ಕೆ ಕೈ ಕೊಟ್ಟು ಮೊಣಕಾಲು ತೂರಿಸಿದೆ, ಎದುರಿನವನು ನಿಂತೇಬಿಟ್ಟ.

ಭಾನುವಾರ ಊರಲ್ಲಿ ವಸ್ತಾದರು ಸಿಕ್ಕಿದ್ರು. ಬೆನ್ನ ಮೇಲೆ ಮಲಗಿ ಆಡೋದನ್ನ ಕಲೀತಿದ್ದೀನಿ ಅಂದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಚಿತ್ ಆಗೋದು ಕಲಿಯೋಕೆ ತಿಂಗಳಿಗೆ ಎಷ್ಟು ಕೊಡ್ತೀಯಪ್ಪ?" ಅಂದ್ರು. ಫೀಸು ಎಷ್ಟು ಅಂತ ಹೇಳೋಕೆ ಧೈರ್ಯ ಬರಲಿಲ್ಲ.

ಮೂಲೆ_ಮ್ಯಾಟ್

ಹೇಳಬೇಡ. ಮುಂದಿನ ಸಲ ಹೋದಾಗ ಅವರನ್ನೇ ನಿನ್ನ ಕಾಲು ದಾಟೋಕೆ ಕೇಳು. ಕೈ ಮಾತ್ರ ಬೆಲ್ಟಿನಿಂದ ಆಚೆ ಇರಲಿ.