ಸಹಾಯ ಬೇಕು: ಅಪ್ಪನ ಜನತಾ ವಾಚು ಕೈಗೆ ಕಟ್ಟಿದರೆ ನಿಲ್ಲುತ್ತದೆ

ಎಲ್ಲರಿಗೂ ನಮಸ್ಕಾರ. ಅಪ್ಪ ತುಮಕೂರಿನ ಎಚ್‌ಎಂಟಿ ಕಾರ್ಖಾನೆಯಲ್ಲಿ ದುಡಿದವರು. ಅವರು ಬಿಟ್ಟುಹೋದ ಕೀ ಕೊಡುವ ಜನತಾ ವಾಚು, 17 ಜ್ಯುವೆಲ್‌ನದು (ಒಳಗಿನ ಚಕ್ರಗಳ ಮೊನೆ ಸವೆಯದಂತೆ ಕೂರಿಸುವ ಪುಟ್ಟ ಕಲ್ಲುಗಳು), ಹತ್ತು ವರ್ಷ ಬೀರುವಿನಲ್ಲೇ ಇತ್ತು.

ಈಗ ಪೂರ್ತಿ ಕೀ ಕೊಟ್ಟು ಮೇಜಿನ ಮೇಲೆ ಮಲಗಿಸಿದರೆ ಓಡುತ್ತದೆ. ಕೈಗೆ ಕಟ್ಟಿದ ಅರ್ಧ ಗಂಟೆಗೆ ಸೆಕೆಂಡಿನ ಮುಳ್ಳು ಒಮ್ಮೆ ನಡುಗಿ ನಿಂತುಬಿಡುತ್ತದೆ. ಮೆಲ್ಲಗೆ ಅಲುಗಿಸಿದರೆ ಮತ್ತೆ ಹೊರಡುತ್ತದೆ. ನಿಂತಾಗ ಮುಳ್ಳುಗಳು ತೋರಿಸುವ ಹೊತ್ತು ಒಂದೊಂದು ದಿನ ಒಂದೊಂದು. ಆದ್ದರಿಂದ ಮುಳ್ಳುಗಳು ಒಂದಕ್ಕೊಂದು ತಾಗುತ್ತಿರಲಾರವು. ಒಳಗಿನ ಎಣ್ಣೆ ಒಣಗಿ ಅಂಟಾಗಿರಬೇಕು, ಇಲ್ಲವೇ ಅತ್ತಿತ್ತ ತೂಗುತ್ತಾ ವಾಚಿನ ಲಯ ಕಾಯುವ ಬ್ಯಾಲೆನ್ಸ್ ಚಕ್ರದ ಸೂಜಿಮೊನೆ ಸವೆದಿರಬೇಕು ಎಂಬುದು ನನ್ನ ಅನುಮಾನ. ಗಂಟೆಗೆ 18,000 ಬಾರಿ ಮಿಡಿಯುವ ಯಂತ್ರಕ್ಕೆ ಒಂದಿಷ್ಟು ಜಿಡ್ಡು ಸಾಕಲ್ಲ!

ಅಂಗಡಿಯೊಂದರಲ್ಲಿ, ಒಳಗಿನದನ್ನು ತೆಗೆದು ಬ್ಯಾಟರಿ ಯಂತ್ರ ಕೂರಿಸೋಣ ಎಂದರು. ಕೇಳಿ ಎದೆ ಹಿಂಡಿದಂತಾಯಿತು. ಆಮೇಲೆ ಅದು ಅಪ್ಪನ ವಾಚು ಹೇಗಾಗುತ್ತದೆ? ಇನ್ನೊಬ್ಬರು ಮೇಲಿನಿಂದಲೇ ಎರಡು ಹನಿ ಎಣ್ಣೆ ಬಿಡಲು ಹೊರಟರು, ಬೇಡವೆಂದೆ. ಕೊಳೆಯ ಮೇಲೆ ಹೊಸ ಎಣ್ಣೆ ಬಿದ್ದರೆ ಇನ್ನಷ್ಟು ಕೆಸರಾಗುತ್ತದೆ.

ಬಿಡಿಬಿಡಿಯಾಗಿ ಬಿಚ್ಚಿ, ತೊಳೆದು, ಹದವಾಗಿ ಎಣ್ಣೆ ಹಾಕಿ ಜೋಡಿಸಬಲ್ಲ ಹಳೆಯ ಕೈ ತುಮಕೂರು, ಗುಬ್ಬಿ, ಶಿರಾ ಕಡೆ ಯಾರಾದರೂ ಇದ್ದಾರೆಯೇ? ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರಾದರೆ ಇನ್ನೂ ಸಂತೋಷ. ಖರ್ಚು ಎಷ್ಟಾದೀತು, ಬ್ಯಾಲೆನ್ಸ್ ಬಿಡಿಭಾಗ ಎಲ್ಲಿ ಸಿಗುತ್ತದೆ ಎಂಬುದನ್ನೂ ದಯವಿಟ್ಟು ತಿಳಿಸಿ.