ಡಾರ್ಕ್ ರೋಸ್ಟ್‌ಗೆ ‘ಕಡುಹುರಿ’ ಅನ್ನಬಹುದೇ?

ಗೆಳೆಯರೇ,

ಹೋದ ತಿಂಗಳು ಮೈಸೂರಿನ ಮಾರ್ಕೆಟ್ ಹತ್ತಿರದ ಕಾಫಿಪುಡಿ ಅಂಗಡಿಯಲ್ಲಿ ಕಾಲು ಕೆಜಿ ಡಾರ್ಕ್ ರೋಸ್ಟ್, ಅಂದರೆ ಕಪ್ಪಗೆ ಹುರಿದ ಕಾಫಿ ಕೇಳಿದೆ. ‘ಸ್ಟ್ರಾಂಗ್ ಬೇಕಾ? ಹಾಗಿದ್ರೆ ಚಿಕೋರಿ ಮೂವತ್ತು ಪರ್ಸೆಂಟ್ ಹಾಕ್ತೀನಿ ಬಿಡಿ ಸಾರ್’ ಅಂದರು. ಅವರದೇನೂ ತಪ್ಪಿಲ್ಲ. ಕಪ್ಪಗೆ ಹುರಿದದ್ದು, ಚಿಕೋರಿ ಜಾಸ್ತಿ ಬಿದ್ದದ್ದು, ಡಿಕಾಕ್ಷನ್ ಗಟ್ಟಿ ಇಳಿದದ್ದು, ಎಲ್ಲಕ್ಕೂ ನಾವು ‘ಸ್ಟ್ರಾಂಗ್’ ಅಂತಲೇ ಅಂತೀವಲ್ಲ! ಅಂದಹಾಗೆ, ಕಪ್ಪಗೆ ಹುರಿದರೆ ಕೆಫೀನ್ ಏನೂ ಜಾಸ್ತಿಯಾಗುವುದಿಲ್ಲ. ಚಿಕೋರಿಯಲ್ಲಂತೂ ಅದು ಇಲ್ಲವೇ ಇಲ್ಲ.

ಹಾಗಾಗಿ ಹುರಿದ ಹದಕ್ಕೇ ಒಂದು ಪದ ಬೇಕು ಅನ್ನಿಸಿತು. ಮೊದಲು ಹೊಳೆದದ್ದು ‘ಕರಿಹುರಿ’. ಆದರೆ ಕರಿಯುವುದು ಅಂದರೆ ಎಣ್ಣೆಯಲ್ಲಿ ಬೋಂಡ ಕರಿಯುವುದು, ಅಲ್ವಾ? ಕರಿಯೋದಾ ಹುರಿಯೋದಾ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ‘ಕಡುಹುರಿ’ ವಾಸಿ. ಕಡುಗೆಂಪು ಇದೆ, ಹುರಿಗಡಲೆ, ಹುರಿಹಿಟ್ಟು ಇವೆ. ಎಳೆಹುರಿ, ಹದಹುರಿ, ಕಡುಹುರಿ ಅಂತ ಸಾಲಾಗಿಯೂ ನಿಲ್ಲುತ್ತವೆ. ಬರೀ ‘ಹುರಿ’ ಅಂದಾಗ ಹಗ್ಗದ ಹುರಿ ಕಣ್ಮುಂದೆ ಬರುತ್ತದೆ, ಅದೊಂದು ಕಿರಿಕಿರಿ.

ಇನ್ನು ರುಚಿ. ಬೀಜ ಸುಮಾರು 200 ಡಿಗ್ರಿಯ ಹತ್ತಿರ ಒಮ್ಮೆ ಪಟಪಟ ಅನ್ನುತ್ತದೆ. ಇನ್ನೂ ಕಾಸಿದರೆ 225ರ ಆಸುಪಾಸಿನಲ್ಲಿ ಮತ್ತೊಮ್ಮೆ, ಸಾಸಿವೆ ಸಿಡಿದ ಹಾಗೆ ಸಣ್ಣಗೆ. ಡಾರ್ಕ್ ರೋಸ್ಟ್ ಅನ್ನುವುದು ಈ ಎರಡನೇ ಸದ್ದಿನಿಂದಾಚೆಗೆ. ಅಷ್ಟು ಹೊತ್ತಿಗೆ ಹುಳಿ ಇಳಿದು ಕಹಿ ಮೇಲೆ ಬಂದಿರುತ್ತದೆ. ಒಳಗಿನ ಎಣ್ಣೆಯೂ ಹೊರಕ್ಕೆ ಬರುತ್ತದೆ. ನಾಲ್ಕು ಬೀಜ ಅಂಗೈಗೆ ಹಾಕಿಸಿಕೊಂಡು ನೋಡಿದೆ. ಮಿರಮಿರ ಹೊಳೆಯುತ್ತಿದ್ದವು, ಅಂಗೈ ಜಿಡ್ಡಾಯಿತು.

ಮನೆಯಲ್ಲಿ ಮೊದಲ ಗುಟುಕಿಗೇ ‘ಸೀದು ಹೋಗಿದೆಯಲ್ಲ್ರೀ’ ಅಂದಳು ನನ್ನವಳು. ನನಗೆ ಅದು ಸೀದದ್ದು ಅನ್ನಿಸಲಿಲ್ಲ. ಸೀದದ್ದು ಅಂದರೆ ತಳ ಹಿಡಿದ ಹಾಲು, ಇದ್ದಿಲಿನ ವಾಸನೆ. ಇದು ಮಂಡ್ಯದ ಆಲೆಮನೆಯಲ್ಲಿ ಪಾಕ ಹದ ಮೀರುವ ಮುಂಚಿನ ಗಳಿಗೆಯ ವಾಸನೆ: ಸಿಹಿಯ ಅಂಚಿನಲ್ಲೊಂದು ಕಹಿ. ಒಗರೂ ಅಲ್ಲ, ಒಗರಾದರೆ ನಾಲಿಗೆಯನ್ನು ಹಿಡಿಯುತ್ತದೆ. ಮೂರು ವಾರ ಬಿಟ್ಟು ಡಬ್ಬಿ ತೆಗೆದಾಗ ಮಾತ್ರ ನಿಜಕ್ಕೂ ಕಮಟು. ಹೊರಬಂದ ಎಣ್ಣೆ ಗಾಳಿಗೆ ಬೇಗ ಕೆಡುತ್ತದೆ, ಅದೂ ಪುಡಿ ಮಾಡಿಟ್ಟರೆ ಇನ್ನೂ ಬೇಗ. ಈಗ ನೂರು ಗ್ರಾಂ ಮಾತ್ರ ತರುತ್ತೇನೆ. ಚಿಕೋರಿ ಬೇಡ ಅಂತ ಬಾಯಿಬಿಟ್ಟು ಹೇಳುತ್ತೇನೆ. ಬೀಜ ಮೂಸಿದಾಗ ಇದ್ದಿಲು ನೆನಪಾದರೆ ವಾಪಸ್.

ನನ್ನ ಪ್ರಶ್ನೆ ಎರಡು. ಚಿಕ್ಕಮಗಳೂರು, ಕೊಡಗಿನ ಕಡೆ ಮನೆಯಲ್ಲೇ ಬೀಜ ಹುರಿಯುವವರು ಈ ಹದಕ್ಕೆ ಏನನ್ನುತ್ತಾರೆ? ಮತ್ತೆ, ಸೀಯುವುದಕ್ಕೆ ಒಂದು ಹೆಜ್ಜೆ ಮುಂಚಿನ ಆ ಒಳ್ಳೆಯ ಕಹಿಗೆ ನಿಮ್ಮ ಕಡೆ ಬೇರೆ ಮಾತಿದೆಯೇ? ಅಡುಗೆಮನೆಯ ಮಾತಾದರೂ ಸರಿ.