ಸಹಾಯ ಬೇಕು: ಟ್ರೊಮ್ಸೊದಿಂದ ಲಾಂಗ್‌ಇಯರ್‌ಬ್ಯೆನ್‌ಗೆ ವಿಮಾನ

ಎಲ್ಲರಿಗೂ ನಮಸ್ಕಾರ. ಮಾರ್ಚ್‌ನಲ್ಲಿ ಅಮ್ಮನನ್ನು ಕರೆದುಕೊಂಡು ನಾರ್ವೆಯ ಟ್ರೊಮ್ಸೊದಿಂದ ಉತ್ತರದಲ್ಲಿರುವ ಸ್ವಾಲ್ಬಾರ್ಡ್ ದ್ವೀಪಗಳ ಲಾಂಗ್‌ಇಯರ್‌ಬ್ಯೆನ್ ಊರಿಗೆ ಹೋಗುತ್ತಿದ್ದೇನೆ. ನೇರ ದೂರ ಸುಮಾರು 950 ಕಿಲೋಮೀಟರ್, ಹಾರಾಟ ಒಂದೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ, ಅಷ್ಟು ಗೊತ್ತು. ನನ್ನ ಚಿಂತೆ ಬೇರೆ. ಸ್ವಾಲ್ಬಾರ್ಡ್ ನಾರ್ವೆಗೆ ಸೇರಿದ್ದರೂ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ವಲಯ) ಒಳಗಿಲ್ಲ, ಹಾಗಾಗಿ ಹೊರಡುವಾಗ ಪಾಸ್‌ಪೋರ್ಟ್ ತಪಾಸಣೆ ಇರುತ್ತದೆ, ವಾಪಸ್ ಬರುವಾಗ ಮತ್ತೆ ಷೆಂಗೆನ್ ಒಳಗೆ ಬಂದ ಲೆಕ್ಕ, ಅದಕ್ಕೇ ಇಬ್ಬರಿಗೂ ಎರಡು ಸಲ ಪ್ರವೇಶವಿರುವ ವೀಸಾನೇ ಮಾಡಿಸಿದ್ದೇನೆ. ಟ್ರೊಮ್ಸೊದಲ್ಲಿ ಈ ತಪಾಸಣೆಗೆ ಎಷ್ಟು ಹೊತ್ತು ಹಿಡಿಯುತ್ತದೆ? ಅಮ್ಮನಿಗೆ ಮಂಡಿನೋವು, ಜಾಸ್ತಿ ಹೊತ್ತು ನಿಲ್ಲಲು ಆಗುವುದಿಲ್ಲ. ಹಿಮಗಾಳಿಗೆ ವಿಮಾನ ತಡವಾದರೆ ಓಸ್ಲೋದಿಂದ ಊರಿಗೆ ಬರುವ ವಿಮಾನ ತಪ್ಪುತ್ತದಲ್ವಾ, ನಡುವೆ ಒಂದು ದಿನ ಬಿಟ್ಟುಕೊಂಡರೆ ಸಾಕಾ, ಎರಡು ದಿನ ಬೇಕಾ? ಹೋಗಿಬಂದವರು ದಯವಿಟ್ಟು ತಿಳಿಸಿ, ಈ ವಾರವೇ ಟಿಕೆಟ್ ಮಾಡಿಸಬೇಕು.